ಡಾ. ಎಡ್ವರ್ಡ್ ಬಾಲ್ಫರ್ (1813–1889)

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ಥಾಪನೆಗೆ ಕಾರಣಕರ್ತರಾದ ಡಾ. ಎಡ್ವರ್ಡ್ ಗ್ರೀನ್ ಬಾಲ್ಫರ್ ಅವರು 1813ರಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸ್ ಪಟ್ಟಣದಲ್ಲಿ ಜನಿಸಿದರು. ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ವೆಚ್ಚಗಳಿಗೆ ಪಟ್ಟುಬಿಡದೆ ಲೆಕ್ಕ ಕೇಳುತ್ತಿದ್ದ ಜೋಸೆಫ್ ಹ್ಯೂಮ್ ಇವರ ಸೋದರಮಾವ. ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಶಿಕ್ಷಣ ಪಡೆದ ಬಾಲ್ಫರ್ 1834ರಲ್ಲಿ ಭಾರತಕ್ಕೆ ಬಂದು ಮದರಾಸು ಸೇನೆಯಲ್ಲಿ ವೈದ್ಯರಾಗಿ ಸೇವೆಗೆ ಸೇರಿದರು.

ಮದರಾಸು ಸಾಹಿತ್ಯ ಸಂಘವು ಒಪ್ಪಿಸಿದ ಭೂವಿಜ್ಞಾನ ಮಾದರಿಗಳಿಂದ 1851ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಆರಂಭವಾದಾಗ, ಅದರ ಮೊದಲ ಮುಖ್ಯಸ್ಥರಾಗಿ ಬಾಲ್ಫರ್ ನೇಮಕಗೊಂಡರು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ವಿದ್ವಾಂಸರ ಏಕಾಂತ ಕೊಠಡಿಯಾಗಬಾರದೆಂಬುದು ಇವರ ನಿಲುವಾಗಿತ್ತು. ಬಂದ ಜನರ ಸಂಖ್ಯೆಯನ್ನು ಲೆಕ್ಕವಿರಿಸಿ, ಸಂಗ್ರಹದ ಸ್ಥಿತಿಗತಿಯನ್ನು ಸರ್ಕಾರಕ್ಕೆ ವರದಿ ಮಾಡುತ್ತಿದ್ದರು. ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಜೀವಂತ ಪ್ರಾಣಿಗಳಿದ್ದಾಗ ಸಂದರ್ಶಕರು ಹೆಚ್ಚುವುದನ್ನು ಈ ಲೆಕ್ಕದಿಂದಲೇ ಕಂಡುಕೊಂಡ ಬಾಲ್ಫರ್, ಕರ್ನಾಟಕ್ ನವಾಬರ ಪ್ರಾಣಿಸಂಗ್ರಹವನ್ನು ಕೊಡುಗೆಯಾಗಿ ಪಡೆದು 1855ರಲ್ಲಿ ಅಲ್ಲಿಯೇ ಮೃಗಾಲಯವನ್ನು ಆರಂಭಿಸಿದರು. ಮದರಾಸಿನ ಜನರು ವಸ್ತುಸಂಗ್ರಹಾಲಯವನ್ನು 'ಸೆತ್ತ ಕಾಲೇಜ್' (ಸತ್ತವುಗಳ ಕಾಲೇಜು) ಎಂದೂ ಮೃಗಾಲಯವನ್ನು 'ಉಯಿರ್ ಕಾಲೇಜ್' (ಜೀವಂತ ಕಾಲೇಜು) ಎಂದೂ ಕರೆಯುತ್ತಿದ್ದುದು ಸ್ವಾರಸ್ಯಕರ. ಅವರ ಭಾರತ ವಿಶ್ವಕೋಶವು 1857ರಲ್ಲಿ ಪ್ರಕಟವಾಯಿತು.

ಇದೇ ಅನುಭವವು ಮೈಸೂರು ಸಂಸ್ಥಾನಕ್ಕೂ ಒದಗಿತು. ಬಾಲ್ಫರ್ ಅವರ ಪ್ರಯತ್ನಕ್ಕೆ ಚೀಫ್ ಕಮಿಷನರ್ ಎಲ್.ಬಿ. ಬೌರಿಂಗ್ ಅವರ ಬೆಂಬಲ ದೊರೆತು, 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯವು ದಂಡು ಪ್ರದೇಶದಲ್ಲಿ ಆರಂಭವಾಯಿತು. ಮರುವರ್ಷ ಬೌರಿಂಗ್ ಅವರ ಸಹಿಯುಳ್ಳ ರಾಜ್ಯಪತ್ರ ಪ್ರಕಟಣೆಯು ವಸ್ತುಗಳನ್ನು ನೀಡುವಂತೆ ಸಾರ್ವಜನಿಕರನ್ನು ಕೋರಿತು. ಸಂಗ್ರಹವು ಮುಂದೆ ಕಸ್ತೂರಬಾ ರಸ್ತೆಯ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಬೇಗೂರಿನ ವೀರಗಲ್ಲು ಹಾಗೂ ಕ್ರಿ.ಶ. 949ರ ಆತಕೂರು ಶಾಸನ ಇದರ ಸಂಗ್ರಹಕ್ಕೆ ಸೇರಿವೆ.

1871ರಿಂದ 1876ರವರೆಗೆ ಮದರಾಸಿನ ಸರ್ಜನ್ ಜನರಲ್ ಆಗಿದ್ದಾಗ, ವೈದ್ಯಕೀಯ ಕಾಲೇಜಿಗೆ ಮಹಿಳೆಯರ ಪ್ರವೇಶವನ್ನು ಬಾಲ್ಫರ್ ಬೆಂಬಲಿಸಿದರು. 1875ರಲ್ಲಿ ಮೊದಲ ವಿದ್ಯಾರ್ಥಿನಿಯರು ಸೇರಿದರು. ನಿವೃತ್ತಿಯ ಬಳಿಕ ಇಂಗ್ಲೆಂಡಿಗೆ ಮರಳಿ ವಿಶ್ವಕೋಶದ ಮೂರನೆಯ ಆವೃತ್ತಿಯನ್ನು 1885ರಲ್ಲಿ ಹೊರತಂದರು. 1889ರ ಡಿಸೆಂಬರ್ 8ರಂದು ಲಂಡನ್ನಿನಲ್ಲಿ ನಿಧನರಾದರು.