ವಿಶ್ವಕೋಶಕಾರ ದಿದೆರೋ

ಗ್ರಂಥಭಂಡಾರದ ಬೀರುವಿನಲ್ಲಿ ಸಾಲಾಗಿ ನಿಂತ ವಿಶ್ವಕೋಶದ ಸಂಪುಟಗಳನ್ನು ಕಂಡರೆ ಯಾರಿಗೂ ಭಯವಾಗುವುದಿಲ್ಲ. ಪರೀಕ್ಷೆಯ ಕಾಲದಲ್ಲಿ ಅವುಗಳ ಧೂಳು ಕೊಡವುತ್ತೇವೆ. ಬೇಕಾದ ಭಾಗವನ್ನು ಬರೆದುಕೊಂಡು ಮತ್ತೆ ಅಲ್ಲಿಯೇ ಇಡುತ್ತೇವೆ. ಆದರೆ ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಇಂಥದೇ ಒಂದು ಗ್ರಂಥದ ಮೇಲೆ ಅರಸನ ಮಂತ್ರಾಲೋಚನ ಸಭೆ ಮತ್ತೆ ಮತ್ತೆ ಆಜ್ಞೆ ಹೊರಡಿಸಿತು, ನ್ಯಾಯಾಲಯ ಆರೋಪ ಹೊರಿಸಿತು, ರೋಮಿನ ಪೋಪರು ಖಂಡಿಸಿದರು. ಆ ಗ್ರಂಥವನ್ನು ಸುಮಾರು ಇಪ್ಪತ್ತೈದು ವರ್ಷ ಹೊತ್ತು ದಡ ಮುಟ್ಟಿಸಿದವನು ದೆನಿ ದಿದೆರೋ. ಅವನ ಬಾಳನ್ನು ಹೇಳುವುದೆಂದರೆ ಒಂದು ದೇಶ ತನ್ನ ಅಚ್ಚುಕೂಟಗಳ ಸುತ್ತ ಕಟ್ಟಿದ ಬೇಲಿಯ ಕಥೆಯನ್ನೂ ಹೇಳಿದಂತೆಯೇ ಸರಿ. ಚರಿತ್ರೆಯ ವಿದ್ಯಾರ್ಥಿಯಾದ ನಾನು ನನಗೆ ತಿಳಿದಮಟ್ಟಿಗೆ ಅದನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ದಿದೆರೋ 1713ನೆಯ ಇಸವಿ ಅಕ್ಟೋಬರ್ 5ರಂದು ಲಾಂಗ್ರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಚಾಕು ಕತ್ತರಿಗಳನ್ನು ಮಾಡುವ ಕಸುಬುಗಾರ. ಶಸ್ತ್ರವೈದ್ಯರು ಬಳಸುವ ಅಲಗುಗಳನ್ನು ಮಾಡುವುದರಲ್ಲಿ ಹೆಸರಾದವನು. ಮಗ ಪಾದ್ರಿಯಾಗಲಿ ಎಂಬ ಆಸೆಯಿಂದ ಅವನನ್ನು ಊರಿನ ಜೆಸೂಟ್ ಶಾಲೆಗೆ ಸೇರಿಸಿದನು. ಹುಡುಗ ಮುಂದೆ ಪ್ಯಾರಿಸಿಗೆ ಹೋಗಿ 1732ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ ಪಡೆದನು. ಆಮೇಲೆ ಪಾದ್ರಿಯೂ ಆಗಲಿಲ್ಲ, ವಕೀಲನೂ ಆಗಲಿಲ್ಲ. ವಕೀಲನೊಬ್ಬನ ಕಚೇರಿಯಲ್ಲಿ ಕುಳಿತು ಗಣಿತವನ್ನೂ ಗ್ರೀಕ್, ಇಂಗ್ಲಿಷ್ ಭಾಷೆಗಳನ್ನೂ ಓದುತ್ತಿದ್ದ ಮಗನಿಗೆ ತಂದೆ ಹಣ ಕಳಿಸುವುದನ್ನು ನಿಲ್ಲಿಸಿದನು. ಮನೆಪಾಠ ಹೇಳಿ, ಅನುವಾದ ಮಾಡಿ, ಪಾದ್ರಿಗಳಿಗೆ ಉಪದೇಶಗಳನ್ನು ಬರೆದುಕೊಟ್ಟು ದಿದೆರೋ ಹತ್ತು ವರ್ಷ ಹೇಗೋ ಕಾಲ ತಳ್ಳಿದನು. ಬಟ್ಟೆ ಹೊಲಿದು ಮಾರುವ ಬಡಮನೆಯ ಹುಡುಗಿಯನ್ನು ಮದುವೆಯಾಗುವೆನೆಂದಾಗ ತಂದೆ ಸಿಟ್ಟಾಗಿ ಅವನನ್ನು ಒಂದು ಮಠದಲ್ಲಿ ಕೂಡಿಹಾಕಿಸಿದನು. ಮಗ ಅಲ್ಲಿಂದ ತಪ್ಪಿಸಿಕೊಂಡು ಬಂದು 1743ರಲ್ಲಿ ಗುಟ್ಟಾಗಿ ಮದುವೆಯಾದನು.

ಆ ಕಾಲದ ಫ್ರಾನ್ಸಿನಲ್ಲಿ ಪುಸ್ತಕ ಅಚ್ಚಾಗುತ್ತಿದ್ದ ಬಗೆಯನ್ನು ಇಲ್ಲಿ ತಿಳಿದುಕೊಳ್ಳಬೇಕು. ಬರೆದವನು ಹಸ್ತಪ್ರತಿಯನ್ನು ನೇರವಾಗಿ ಅಚ್ಚುಕೂಟಕ್ಕೆ ಕೊಡುವಂತಿರಲಿಲ್ಲ. ಅದು ಮೊದಲು ಅರಸನ ಪುಸ್ತಕ ಇಲಾಖೆಗೆ ಹೋಗಬೇಕು. ಅಲ್ಲಿ ರಾಜಪರಿಶೋಧಕರೆಂಬ ನೂರಕ್ಕೂ ಹೆಚ್ಚು ವಿದ್ವಾಂಸರಿದ್ದರು. ಅವರಲ್ಲೊಬ್ಬನು ಓದಿ, ಧರ್ಮಕ್ಕೂ ರಾಜ್ಯಕ್ಕೂ ಸದಾಚಾರಕ್ಕೂ ವಿರುದ್ಧವಾದುದು ಇದರಲ್ಲಿಲ್ಲವೆಂದು ಸಹಿ ಹಾಕಿದರೆ ಅರಸನ ಪರವಾನಗಿ ದೊರೆಯುತ್ತಿತ್ತು. ಪ್ಯಾರಿಸಿನಲ್ಲಿ ಮುದ್ರಣಕಾರರ ಸಂಖ್ಯೆಯನ್ನೇ 36ಕ್ಕೆ ಮಿತಿಗೊಳಿಸಿದ್ದರು. ಅಚ್ಚುಕೂಟಗಳು ಕಡಮೆಯಿದ್ದಷ್ಟೂ ಕಾವಲು ಸುಲಭವಲ್ಲವೆ? ಪರವಾನಗಿ ದೊರೆತರೂ ಚಿಂತೆ ತಪ್ಪುತ್ತಿರಲಿಲ್ಲ. ಪಾರ್ಲಮಾ ಎಂಬ ಉಚ್ಚ ನ್ಯಾಯಾಲಯ ಅಚ್ಚಾದ ಪುಸ್ತಕವನ್ನು ಸುಡಿಸಬಹುದಾಗಿತ್ತು. ಸೊರ್ಬಾನಿನ ಧರ್ಮಪಂಡಿತರು ಖಂಡಿಸಬಹುದಾಗಿತ್ತು. ಇವೆಲ್ಲದರ ನಡುವೆ ಇನ್ನೊಂದು ವಿಚಿತ್ರ ಏರ್ಪಾಡಿತ್ತು. ಬಹಿರಂಗವಾಗಿ ಒಪ್ಪಲಾಗದ ಪುಸ್ತಕಕ್ಕೆ ಅಧಿಕಾರಿಗಳು ಮೌನಸಮ್ಮತಿ ಕೊಡುತ್ತಿದ್ದರು. ಪ್ಯಾರಿಸಿನಲ್ಲಿಯೇ ಅಚ್ಚಾಗುವ ಅಂಥ ಪುಸ್ತಕದ ಮುಖಪುಟದ ಮೇಲೆ ಎಷ್ಟೋ ವೇಳೆ ಲಂಡನ್ ಅಥವಾ ಆಮ್‌ಸ್ಟರ್‌ಡಾಮ್ ಎಂದು ಸುಳ್ಳು ಹೆಸರಿರುತ್ತಿತ್ತು.

ಈ ಬೇಲಿಗೆ ದಿದೆರೋ ಬೇಗನೆ ಸಿಕ್ಕಿಬಿದ್ದನು. 1746ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ಅವನ ತಾತ್ತ್ವಿಕ ಚಿಂತನೆಗಳ ಚಿಕ್ಕ ಪುಸ್ತಕವನ್ನು ಸುಡಬೇಕೆಂದು ಪಾರ್ಲಮಾ ತೀರ್ಪಿತ್ತಿತು. 1749ರಲ್ಲಿ ಕುರುಡರನ್ನು ಕುರಿತು ಒಂದು ಪತ್ರಪ್ರಬಂಧವನ್ನು ಬರೆದನು. ಕಣ್ಣಿಲ್ಲದವನಿಗೆ ಲೋಕವೂ ನೀತಿಯೂ ದೇವರ ಕಲ್ಪನೆಯೂ ಬೇರೆಯಾಗಿಯೇ ಕಾಣಬಹುದೆಂಬ ವಾದ ಅದರಲ್ಲಿತ್ತು. ಆ ವರ್ಷ ಜುಲೈ 24ರಂದು ಪೋಲೀಸರು ಅವನ ಮನೆಗೆ ಬಂದರು. ವಿಚಾರಣೆ ಇಲ್ಲ, ಅವಧಿ ಇಲ್ಲ; ಅರಸನ ಮುದ್ರೆಯಿದ್ದ ಒಂದು ಕಾಗದದ ಬಲದಿಂದ ಅವನನ್ನು ವಾನ್ಸೆನ್ ಕೋಟೆಯಲ್ಲಿ ಸೆರೆಯಿಟ್ಟರು. ಅಲ್ಲಿ ಹಲ್ಲುಕಡ್ಡಿಯನ್ನೇ ಲೇಖನಿಯಾಗಿ ಮಾಡಿಕೊಂಡು, ಕಲ್ಲಿನ ಪುಡಿಯನ್ನು ದ್ರಾಕ್ಷಾರಸದಲ್ಲಿ ಕಲಸಿ ಮಸಿ ಮಾಡಿಕೊಂಡು ಬರೆದನೆಂದು ಅವನ ಮಗಳು ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಆಗ ಅವನ ಆಪ್ತನಾಗಿದ್ದ ರೂಸೋ ಪ್ಯಾರಿಸಿನಿಂದ ನಡೆದುಕೊಂಡೇ ಬಂದು ಅವನನ್ನು ಕಾಣುತ್ತಿದ್ದನು. ಮೊದಲು ಏನನ್ನೂ ಒಪ್ಪದ ದಿದೆರೋ ಕೊನೆಗೆ ಪುಸ್ತಕಗಳು ತನ್ನವೇ ಎಂದು ಒಪ್ಪಿಕೊಂಡು, ಇನ್ನು ಮುಂದೆ ಅಂಥವನ್ನು ಪ್ರಕಟಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟನು. ನವೆಂಬರ್ 3ರಂದು ಬಿಡುಗಡೆಯಾಯಿತು.

ಬಿಡುಗಡೆಗಾಗಿ ಹೆಚ್ಚು ಓಡಾಡಿದವರು ಪುಸ್ತಕ ವ್ಯಾಪಾರಿಗಳು. ಇಂಗ್ಲೆಂಡಿನ ಚೇಂಬರ್ಸನ ಕೋಶವನ್ನು ಫ್ರೆಂಚಿಗೆ ಅನುವಾದ ಮಾಡಿಸಬೇಕೆಂದು ಲ ಬ್ರೆತೊಂ ಎಂಬ ಮುದ್ರಣಕಾರನೂ ಅವನ ಮೂವರು ಪಾಲುದಾರರೂ ಹಣ ಹೂಡಿದ್ದರು. 1747ರಲ್ಲಿ ಆ ಕೆಲಸದ ಹೊಣೆ ದಿದೆರೋನಿಗೂ ಗಣಿತಜ್ಞ ದಾಲಾಂಬೇರನಿಗೂ ಬಂದಿತ್ತು. ಅನುವಾದವೆಂದು ಹೊರಟುದನ್ನು ದಿದೆರೋ ಸ್ವತಂತ್ರವಾದ ಮಹಾಗ್ರಂಥವನ್ನಾಗಿ ಬೆಳೆಸಿದನು. ಮೊದಲ ಸಂಪುಟ 1751ರಲ್ಲಿ ಹೊರಬಂತು.

ಆ ಗ್ರಂಥದಲ್ಲಿ ಪಂಡಿತರ ಶಾಸ್ತ್ರಗಳ ಪಕ್ಕದಲ್ಲಿಯೇ ಕಮ್ಮಾರ, ನೇಕಾರ, ಗಾಜು ಊದುವವನು, ಅಚ್ಚುಮೊಳೆ ಎರಕ ಹೊಯ್ಯುವವನು, ಇವರೆಲ್ಲರ ವಿದ್ಯೆಗೂ ಸ್ಥಾನವಿತ್ತು. ದಿದೆರೋ ಕಸುಬುಗಾರರನ್ನು ಕಂಡು, ಅವರ ಮಾತನ್ನು ಕೇಳಿ ಬರೆದುಕೊಂಡನು. ಕಾಲುಚೀಲ ಹೆಣೆಯುವ ಯಂತ್ರದ ಮೇಲೆ ಅವನೇ ಬರೆದ ಲೇಖನ ಬಹು ದೀರ್ಘವಾದುದು. ಉಪಕರಣಗಳನ್ನು ಭಾಗಭಾಗವಾಗಿ ಬಿಡಿಸಿ ತೋರಿಸುವ ಚಿತ್ರಗಳಿಗೆಂದೇ 11 ಸಂಪುಟಗಳಾದವು.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ವಾಚಕರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ತಂದೆಯವರದು ಕುಲುಮೆಯ ಕೆಲಸ. ಕುಡುಗೋಲಿಗೆ ಹದ ಹಾಕುವಾಗ ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಅದನ್ನು ನೀರಿಗೆ ಅದ್ದುವ ಕ್ಷಣವನ್ನು ಅವರು ಅರಿಯುತ್ತಾರೆ. ಒಂದೊಂದು ಬಣ್ಣಕ್ಕೂ ಅವರ ಬಾಯಲ್ಲಿ ಒಂದೊಂದು ಹೆಸರುಂಟು. ಹದಿನೈದು ವರ್ಷ ಓದಿದ ನನಗೆ ಆ ಹೆಸರುಗಳು ನನ್ನ ಯಾವ ಪಠ್ಯಪುಸ್ತಕದಲ್ಲಿಯೂ ಎದುರಾಗಲಿಲ್ಲ. ಓದಿದವರ ವಿದ್ಯೆ ಬೇರೆ, ದುಡಿಯುವವರ ವಿದ್ಯೆ ಬೇರೆ ಎಂದು ನಾನೂ ನಂಬಿದ್ದೆ. ಚಾಕು ಮಾಡುವವನ ಮಗನೊಬ್ಬನು ಇನ್ನೂರೈವತ್ತು ವರ್ಷಕ್ಕೂ ಹಿಂದೆಯೇ ತಂದೆಯ ಕಸುಬನ್ನು ತತ್ತ್ವಶಾಸ್ತ್ರದ ಜೊತೆಗೆ ಒಂದೇ ಹೊದಿಕೆಯೊಳಗೆ ಕೂರಿಸಿದನೆಂದು ತಿಳಿದಾಗ ದಿದೆರೋ ನನಗೆ ಹತ್ತಿರದವನಾದನು.

ಅಧಿಕಾರಸ್ಥರನ್ನು ಕೆಣಕಿದ ಸಂಗತಿ ಬೇರೆಯದು. ಈ ಗ್ರಂಥದಲ್ಲಿ ಎಲ್ಲವನ್ನೂ ಬುದ್ಧಿಯ ಒರೆಗಲ್ಲಿಗೆ ಹಚ್ಚುವ ಧೋರಣೆಯಿತ್ತು. ನೇರವಾಗಿ ಹೇಳಲಾಗದುದನ್ನು ಅಡ್ಡಸೂಚನೆಗಳಲ್ಲಿ ಅಡಗಿಸುತ್ತಿದ್ದರು. ನರಭಕ್ಷಕರ ಮೇಲಿನ ಲೇಖನದ ಕೊನೆಯಲ್ಲಿ ಕ್ರೈಸ್ತರ ಪ್ರಭುಭೋಜನ ಸಂಸ್ಕಾರದ ಲೇಖನವನ್ನು ನೋಡಿರೆಂಬ ಸೂಚನೆ ಇದಕ್ಕೆ ಪ್ರಸಿದ್ಧ ನಿದರ್ಶನ. 1752ರ ಫೆಬ್ರವರಿ 7ರಂದು ಅರಸನ ಸಭೆ ಮೊದಲ ಎರಡು ಸಂಪುಟಗಳನ್ನು ನಿಷೇಧಿಸಿತು. ಆಗ ಪುಸ್ತಕ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವನು ಮಾಲ್ಜರ್ಬ್ ಎಂಬ ಮೂವತ್ತು ವಯಸ್ಸಿನ ತರುಣ. ಅವನ ತಂದೆಯೇ ರಾಜ್ಯದ ಚಾನ್ಸಲರ್. ಹಸ್ತಪ್ರತಿಗಳನ್ನು ಜಪ್ತಿ ಮಾಡಬೇಕಾಗಿದ್ದ ಮಾಲ್ಜರ್ಬ್ ಹಿಂದಿನ ದಿನವೇ ದಿದೆರೋನಿಗೆ ಸುದ್ದಿ ಮುಟ್ಟಿಸಿದನಂತೆ. ಇಷ್ಟೊಂದು ಕಾಗದವನ್ನು ಒಂದು ದಿನದಲ್ಲಿ ಎಲ್ಲಿ ಬಚ್ಚಿಡುವುದೆಂದು ದಿದೆರೋ ಕಂಗೆಟ್ಟಾಗ, ತನ್ನ ಮನೆಗೇ ಕಳಿಸಲು ಹೇಳಿದನಂತೆ. ಜಪ್ತಿ ಮಾಡುವ ಅಧಿಕಾರಿಯ ಮನೆಯನ್ನು ಯಾರು ಶೋಧಿಸುತ್ತಾರೆ? ಇದನ್ನು ಹೇಳಿದವಳೂ ದಿದೆರೋನ ಮಗಳೇ. ಮರುವರ್ಷ ಮೂರನೆಯ ಸಂಪುಟ ಹೊರಬಂತು. ವರ್ಷಕ್ಕೊಂದರಂತೆ 1757ರ ಹೊತ್ತಿಗೆ ಏಳಾದವು. ಚಂದಾದಾರರು ನಾಲ್ಕು ಸಾವಿರದಷ್ಟಾದರು.

ಆ ವರ್ಷ ಜನವರಿಯಲ್ಲಿ ದಾಮಿಯೆನ್ ಎಂಬವನು ಅರಸ ಹದಿನೈದನೆಯ ಲೂಯಿಯನ್ನು ಚಾಕುವಿನಿಂದ ಇರಿದನು. ಅರಸನು ಬದುಕಿಕೊಂಡನು, ಆದರೆ ಸಿಟ್ಟು ಲೇಖಕರ ಮೇಲೂ ತಿರುಗಿತು. ಧರ್ಮವನ್ನಾಗಲಿ ಅರಸನ ಅಧಿಕಾರವನ್ನಾಗಲಿ ಅಲ್ಲಗಳೆಯುವುದನ್ನು ಬರೆದವರಿಗೆ, ಅಚ್ಚುಹಾಕಿದವರಿಗೆ, ಮಾರಿದವರಿಗೆ ಮರಣದಂಡನೆ ಎಂದು ಏಪ್ರಿಲಿನಲ್ಲಿ ಘೋಷಣೆಯಾಯಿತು. ಮರುವರ್ಷ ಹೆಲ್ವೇಷಿಯಸನು ಮನಸ್ಸನ್ನು ಕುರಿತು ಬರೆದ ಪುಸ್ತಕ ಪರಿಶೋಧಕನ ಕೈದಾಟಿ ಬಂದು ದೊಡ್ಡ ಗಲಭೆ ಎಬ್ಬಿಸಿತು. ಅದರ ಉರಿ ವಿಶ್ವಕೋಶಕ್ಕೂ ತಗಲಿತು. 1759ರ ಮಾರ್ಚ್ 8ರಂದು ಗ್ರಂಥದ ಪರವಾನಗಿಯನ್ನೇ ರದ್ದುಗೊಳಿಸಿದರು. ಪ್ರತಿ ಚಂದಾದಾರನಿಗೂ 72 ಲಿವ್ರ್ ಹಣವನ್ನು ಹಿಂದಿರುಗಿಸಬೇಕೆಂದು ಜುಲೈನಲ್ಲಿ ಆಜ್ಞೆಯಾಯಿತು. ವ್ಯಾಪಾರಿಗಳ ದಿವಾಳಿಗೆ ಅಷ್ಟು ಸಾಕಾಗಿತ್ತು. ಮಾಲ್ಜರ್ಬ್ ಮತ್ತೆ ದಾರಿ ತೋರಿಸಿದನು. ಚಿತ್ರಸಂಪುಟಗಳಿಗೆ ಬೇರೆ ಪರವಾನಗಿ ಕೊಡಿಸಿ, ಹಿಂದಿರುಗಿಸಬೇಕಾದ ಹಣ ಅವುಗಳ ಲೆಕ್ಕಕ್ಕೆ ಜಮೆಯಾಗುವಂತೆ ಮಾಡಿದನು.

ದಾಲಾಂಬೇರನು ಆಗಲೇ ಕೈಬಿಟ್ಟಿದ್ದನು. ಪ್ಯಾರಿಸ್ ಬಿಟ್ಟು ಹೊರದೇಶದಲ್ಲಿ ಅಚ್ಚು ಹಾಕಿಸು ಎಂದು ವಾಲ್ಟೇರನು ಒತ್ತಾಯ ಮಾಡಿದನು. 1762ರಲ್ಲಿ ರಷ್ಯದ ರಾಣಿ ಕ್ಯಾಥರೀನಳೂ ತನ್ನ ದೇಶಕ್ಕೆ ಕರೆದಳು. ಹಸ್ತಪ್ರತಿ ವ್ಯಾಪಾರಿಗಳ ಸ್ವತ್ತು, ಚಂದಾದಾರರಿಗೆ ಕೊಟ್ಟ ಮಾತು ಉಳಿಯಬೇಕು ಎಂಬುದು ದಿದೆರೋನ ನಿಲುವು. ಬಾಗಿಲು ಹಾಕಿಕೊಂಡು ಉಳಿದ ಹತ್ತು ಸಂಪುಟಗಳನ್ನು ಗುಟ್ಟಾಗಿ ಸಿದ್ಧಪಡಿಸಿದನು. ಜೋಕೂರ್ ಎಂಬ ಶ್ರೀಮಂತ ವಿದ್ವಾಂಸನು ಅವನ ಬಲಗೈಯಾಗಿ ನಿಂತನು. ಇಡೀ ಗ್ರಂಥದಲ್ಲಿ ಸುಮಾರು 17,000 ಲೇಖನಗಳು ಅವನೊಬ್ಬನವೇ.

ಅತಿ ದೊಡ್ಡ ಪೆಟ್ಟು ಬಿದ್ದುದು 1764ರಲ್ಲಿ. ಹಿಂದೆ ತಾನೇ ಬರೆದ ಒಂದು ಲೇಖನವನ್ನು ದಿದೆರೋ ಅಚ್ಚಾದ ಹಾಳೆಗಳಲ್ಲಿ ತೆರೆದು ನೋಡಿದರೆ ಅದು ಅಂಗಹೀನವಾಗಿತ್ತು. ತಾನು ತಿದ್ದಿ ಒಪ್ಪಿಗೆ ಕೊಟ್ಟ ಕರಡಚ್ಚುಗಳನ್ನು ಲ ಬ್ರೆತೊಂ ವರ್ಷಗಳಿಂದ ರಾತ್ರಿಹೊತ್ತು ಕುಳಿತು, ಅಪಾಯವೆಂದು ತೋರಿದ ಭಾಗಗಳನ್ನೆಲ್ಲ ಕತ್ತರಿಸಿ ಅಚ್ಚು ಹಾಕಿಸುತ್ತಿದ್ದನೆಂದು ಆಗ ತಿಳಿಯಿತು. ಹಸ್ತಪ್ರತಿಗಳನ್ನೂ ಸುಟ್ಟಿದ್ದನು. ಅರಸನ ಅಧಿಕಾರಿಯೇ ಕಾಪಾಡಿದ ಪೈರನ್ನು ಗ್ರಂಥದ ಯಜಮಾನನೇ ಹಾಳುಮಾಡಿದ್ದನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದಿದೆರೋ ಅತ್ತನು, ಕೆಲಸವನ್ನೇ ಬಿಡುವೆನೆಂದನು, ಆದರೂ ಮುಗಿಸಿದನು. ನ್ಯೂಶಾಟೆಲ್ ಎಂಬ ಸ್ವಿಸ್ ಊರಿನ ಸುಳ್ಳು ಹೆಸರು ಹೊತ್ತು ಹತ್ತೂ ಸಂಪುಟಗಳು 1766ರ ಹೊತ್ತಿಗೆ ಚಂದಾದಾರರ ಕೈಸೇರಿದವು. ಕೊನೆಯ ಚಿತ್ರಸಂಪುಟ ಬಂದುದು 1772ರಲ್ಲಿ. ಇಷ್ಟು ಅಂಜಿ ನಡೆದ ಲ ಬ್ರೆತೊಂ, ಅನುಮತಿಯಿಲ್ಲದೆ ಸಂಪುಟಗಳನ್ನು ಹಂಚಿದ್ದಕ್ಕಾಗಿ ಕೆಲವು ದಿನ ಬಾಸ್ಟಿಲ್ ಸೆರೆ ಕಂಡನು! ಅವನು ಕತ್ತರಿಸಿದ ಕೆಲವು ಕರಡಚ್ಚುಗಳು ಹೇಗೋ ಉಳಿದು 1947ರಲ್ಲಿ ಅಮೆರಿಕದಲ್ಲಿ ಪ್ರಕಟವಾದವು.

ಈ ನಡುವೆ, 1763ರಲ್ಲಿ, ದಿದೆರೋ ಪುಸ್ತಕ ವ್ಯಾಪಾರವನ್ನು ಕುರಿತು ಅಧಿಕಾರಿಗಳಿಗೆಂದು ಒಂದು ಪತ್ರವನ್ನು ರಚಿಸಿದನು. ಗಡಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿದರೂ ಪುಸ್ತಕಗಳು ಒಳಗೆ ಬಂದೇ ಬರುತ್ತವೆ. ನಿಷೇಧ ಬಿಗಿಯಾದಷ್ಟೂ ಬೆಲೆ ಏರುತ್ತದೆ, ಓದುವ ಆಸೆ ಹೆಚ್ಚುತ್ತದೆ, ಲಾಭ ಹೊರದೇಶದವರ ಪಾಲಾಗುತ್ತದೆ ಎಂಬುದು ಅದರಲ್ಲಿಯ ಒಂದು ಮುಖ್ಯ ವಾದ. ಬರೆದವನಿಗೆ ತನ್ನ ಬರಹವು ಹೊಲ ಮನೆಗಳಿಗಿಂತಲೂ ಮಿಗಿಲಾದ ಸ್ವಂತ ಆಸ್ತಿ ಎಂದೂ ಅವನು ಸಾಧಿಸಿದನು. ಹೀಗೆ ಬರೆದವನ ಕೈಯಲ್ಲಿ ಮಗಳ ಮದುವೆಗೆ ಹಣವಿರಲಿಲ್ಲ. 1765ರಲ್ಲಿ ತನ್ನ ಗ್ರಂಥಸಂಗ್ರಹವನ್ನು ಕ್ಯಾಥರೀನಳಿಗೆ 15,000 ಲಿವ್ರ್‌ಗೆ ಮಾರಿದನು. ಅವನು ಬದುಕಿರುವವರೆಗೆ ಪುಸ್ತಕಗಳು ಅವನಲ್ಲಿಯೇ ಇರಲೆಂದು ಹೇಳಿ, ಅವುಗಳ ಪಾಲಕನೆಂದು ಅವನಿಗೇ ಸಂಬಳವನ್ನೂ ಗೊತ್ತುಮಾಡಿದ್ದು ರಾಣಿಯ ಔದಾರ್ಯ.

ಮುಚ್ಚಳಿಕೆಯ ನೆನಪು ದಿದೆರೋನನ್ನು ಕೊನೆಯವರೆಗೂ ಬಿಡಲಿಲ್ಲವೆಂದು ತೋರುತ್ತದೆ. ತನ್ನ ಶ್ರೇಷ್ಠ ಕೃತಿಗಳನ್ನು ಅವನು ಪೆಟ್ಟಿಗೆಯಲ್ಲಿಯೇ ಇಟ್ಟನು. 1784ರ ಜುಲೈ 31ರಂದು ಅವನು ತೀರಿಕೊಂಡಾಗ ಅವನನ್ನು ಕಾದಂಬರಿಕಾರನೆಂದು ಬಲ್ಲವರು ವಿರಳ. ಬಲವಂತದಿಂದ ಸನ್ಯಾಸಿನಿಯಾದ ಹುಡುಗಿಯ ಕಥೆ ‘ಲಾ ರಲಿಜ್ಯೂಸ್’ ಪುಸ್ತಕವಾಗಿ ಬಂದುದು 1796ರಲ್ಲಿ. ‘ರಾಮೋನ ಸೋದರಳಿಯ’ನ ಗತಿ ಇನ್ನೂ ವಿಚಿತ್ರ. ಅದು ಮೊದಲು ಬೆಳಕು ಕಂಡುದು 1805ರಲ್ಲಿ, ಕವಿ ಗಯಟೆಯ ಜರ್ಮನ್ ಅನುವಾದದಲ್ಲಿ. ದಿದೆರೋನ ಸ್ವಹಸ್ತಾಕ್ಷರದ ಪ್ರತಿ 1890ರಲ್ಲಿ ಪ್ಯಾರಿಸಿನ ನದೀದಂಡೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಸಿಕ್ಕಿತು.

ಅವನು ಸತ್ತ ಐದು ವರ್ಷಕ್ಕೆ ಮಹಾಕ್ರಾಂತಿಯಾಯಿತು. 1789ರ ಮಾನವ ಹಕ್ಕುಗಳ ಘೋಷಣೆಯ ಹನ್ನೊಂದನೆಯ ವಿಧಿ ಬರೆಯುವ, ಅಚ್ಚುಹಾಕುವ ಸ್ವಾತಂತ್ರ್ಯವನ್ನು ಸಾರಿತು. ಆದರೆ 1794ರಲ್ಲಿ ಅದೇ ಕ್ರಾಂತಿ, ಅರಸನ ಪರವಾಗಿ ವಾದಿಸಿದ ವೃದ್ಧ ಮಾಲ್ಜರ್ಬನ ತಲೆ ಕಡಿಯಿತು. ನೆಪೋಲಿಯನ್ 1810ರಲ್ಲಿ ಪರಿಶೋಧನೆಯನ್ನು ಮತ್ತೆ ಸ್ಥಾಪಿಸಿದನು. ಮುದ್ರಣ ಸ್ವಾತಂತ್ರ್ಯಕ್ಕೆ ಭದ್ರವಾದ ಕಾನೂನು ಬಂದುದು 1881ರ ಜುಲೈ 29ರಂದು. ಅದಾದ ಮೇಲೂ, 1966ರಲ್ಲಿ, ‘ಲಾ ರಲಿಜ್ಯೂಸ್’ ಕಥೆಯನ್ನು ಆಧರಿಸಿ ರಿವೆಟ್ ತೆಗೆದ ಚಲನಚಿತ್ರವನ್ನು ಫ್ರೆಂಚ್ ಸರ್ಕಾರ ತಡೆಹಿಡಿಯಿತು. ಮರುವರ್ಷ ಅದು ತೆರೆಕಂಡಿತು. ಸತ್ತು 182 ವರ್ಷವಾದ ಮೇಲೂ ಈ ಮನುಷ್ಯನಿಗೆ ಪ್ರಭುತ್ವ ಅಂಜಿತಲ್ಲ!

ದಿದೆರೋ ಹೇಡಿಯಾಗಿದ್ದನೆ? ನನ್ನ ಸ್ನೇಹಿತರಲ್ಲಿ ಹಾಗೆನ್ನುವವರುಂಟು. ಸೆರೆಯಲ್ಲಿ ಬಾಗಿದನು, ಬರೆದುದನ್ನು ಬಚ್ಚಿಟ್ಟನು, ಸುಳ್ಳು ಮುಖಪುಟಕ್ಕೆ ಒಪ್ಪಿದನು ಎಂಬುದೆಲ್ಲ ನಿಜ. ಆದರೆ ಹೆಂಡತಿ ಮಕ್ಕಳುಳ್ಳ ಬಡವನಾತ. ಊಳಿಗದವರಿದ್ದ ಅರಮನೆಯಲ್ಲಿ ಕುಳಿತವನಲ್ಲ. ಒಮ್ಮೆ ವೀರನಾಗಿ ಮೆರೆದು ಸೆರೆಯಲ್ಲಿ ಕೊಳೆಯುವುದು ಅವನಿಗೂ ಸಾಧ್ಯವಿತ್ತು. ಆಗ 17 ಸಂಪುಟಗಳು ಅಚ್ಚಾಗುತ್ತಿರಲಿಲ್ಲ, ಕಸುಬುಗಾರರ ಮಾತು ಕಾಗದಕ್ಕೆ ಇಳಿಯುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು, ನಿಷೇಧವಾದ ಗ್ರಂಥದ ಕರಡಚ್ಚು ತಿದ್ದಲು ಕೂರುವುದಕ್ಕೂ ಧೈರ್ಯ ಬೇಕು. ಆ ಧೈರ್ಯವನ್ನು ನಾನು ನಮ್ಮ ಮನೆಯ ಕುಲುಮೆಯ ಮುಂದೆ ಕಂಡಿದ್ದೇನೆ; ಆದುದರಿಂದ ಅದನ್ನು ಕೀಳೆನ್ನಲಾರೆ.