ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ ಇಸ್ಫಹಾನಿನ ಗುರು: ಹಾಫಿಝ್ ಅಬೂ ತಾಹಿರ್ ಸಿಲಫಿ(ರ)

ವಿದ್ಯಾರ್ಥಿ ಮಿತ್ರರೇ, ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಹೆಸರನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಆದರೆ ಆ ಸುಲ್ತಾನರೇ ಶಿಷ್ಯನಂತೆ ಮುಂದೆ ಕುಳಿತು ಪಾಠ ಕೇಳಿದ, ಪಾಠದ ನಡುವೆ ಮಾತನಾಡಿದ್ದಕ್ಕೆ ಗದರಿಸಿಕೊಂಡ ಗುರುಗಳೊಬ್ಬರಿದ್ದರು. ಅವರ ಹೆಸರು ನಿಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಹದೀಸ್ ವಿದ್ವಾಂಸರ ನಡುವೆ ಮಾತ್ರ ಅವರು ಒಂಬತ್ತು ಶತಮಾನಗಳಿಂದ ಪ್ರಸಿದ್ಧರು. ಅವರೇ ಹಾಫಿಝ್ ಅಬೂ ತಾಹಿರ್ ಅಹ್ಮದ್ ಸಿಲಫಿ(ರ).

ಅವರು ಹುಟ್ಟಿದ್ದು ಇರಾನಿನ ಇಸ್ಫಹಾನಿನಲ್ಲಿ, ಸುಮಾರು ಕ್ರಿ.ಶ. 1080ರ ಆಸುಪಾಸಿನಲ್ಲಿ. ಹುಟ್ಟಿದ ವರ್ಷ ಅವರಿಗೇ ಖಚಿತವಿರಲಿಲ್ಲ. 1092ರಲ್ಲಿ ವಜೀರ್ ನಿಝಾಮುಲ್ ಮುಲ್ಕ್ ಕೊಲೆಯಾದಾಗ ತನಗೆ ಹತ್ತು ವರ್ಷವಿದ್ದಿರಬೇಕು ಎಂದು ಅವರು ಲೆಕ್ಕ ಹಾಕುತ್ತಿದ್ದರು. ಸಿಲಫಿ ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಅವರ ಪೂರ್ವಜರೊಬ್ಬರ ತುಟಿ ಸೀಳಿದ್ದರಿಂದ ಜನ ಅವರನ್ನು ಫಾರ್ಸಿಯಲ್ಲಿ 'ಸೆಹ್ ಲಬ್', ಅಂದರೆ ಮೂರು ತುಟಿಯವನು ಎಂದು ಕರೆಯುತ್ತಿದ್ದರಂತೆ. ಉರ್ದು ಬಲ್ಲವರಿಗೆ 'ಲಬ್' ಎಂಬ ಪದದ ಪರಿಚಯವಿದ್ದೇ ಇದೆ. ಅದೇ ಅರಬ್ಬರ ಬಾಯಲ್ಲಿ ಸಿಲಫಾ ಆಯಿತು.

ಮುಖದಲ್ಲಿ ಮೀಸೆ ಮೂಡುವ ಮುನ್ನವೇ, ಹದಿನೇಳರ ವಯಸ್ಸಿನಲ್ಲಿ, ಇಸ್ಫಹಾನಿನ ಜನ ಅವರಿಂದ ಹದೀಸ್ ಬರೆದುಕೊಳ್ಳತೊಡಗಿದ್ದರು. ಊರಿನಲ್ಲಿಯೇ ಉಳಿದಿದ್ದರೆ ಗೌರವಕ್ಕೆ ಕೊರತೆಯಿರಲಿಲ್ಲ. ಆದರೂ 1100ರಲ್ಲಿ ಅವರು ಬಗ್ದಾದಿಗೆ ಹೊರಟರು. ಅಲ್ಲಿಂದ ಹಜ್ಜ್, ಮತ್ತೆ ಇರಾಕ್ ಮತ್ತು ಇರಾನಿನ ಪಟ್ಟಣಗಳು, ಕೊನೆಗೆ ದಮಾಸ್ಕಸ್. ಎಲ್ಲಿ ಒಬ್ಬ ಹಿರಿಯ ಉಸ್ತಾದರಿದ್ದಾರೆಂದು ಕೇಳಿದರೂ ಅಲ್ಲಿಗೆ ನಡೆದರು. ಇಂದು ಒಂದು ಹದೀಸನ್ನು ಫೋನಿನಲ್ಲಿ ಕ್ಷಣಾರ್ಧದಲ್ಲಿ ಹುಡುಕುವ ನಮಗೆ ಇದು ವ್ಯರ್ಥ ಶ್ರಮವೆನಿಸಬಹುದು. ಆದರೆ ಆಗ ಹದೀಸ್ ಎಂದರೆ ಬರೀ ವಾಕ್ಯವಲ್ಲ. ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸನದ್ ಇಲ್ಲದಿದ್ದರೆ ಅದಕ್ಕೆ ಬೆಲೆಯಿರಲಿಲ್ಲ.

ಹಿಜರಿ 511ರ ದುಲ್‌ಖಅದ್ ತಿಂಗಳಲ್ಲಿ, ಅಂದರೆ 1118ರ ಆರಂಭದಲ್ಲಿ, ಟೈರ್ ಬಂದರಿನಿಂದ ಹಡಗು ಹತ್ತಿ ಅವರು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಬಂದಿಳಿದರು. ಅರಬ್ಬರು ಇಸ್ಕಂದರಿಯ್ಯ ಎನ್ನುವ ಈ ನಗರ ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಕಟ್ಟಿಸಿದ್ದು. ಅವರು ಬಿಟ್ಟುಬಂದ ಟೈರ್ 1124ರಲ್ಲಿ ಶಿಲುಬೆ ಯೋಧರ ವಶವಾಯಿತು. ಆಗ ಅವರಿಗೆ ಮೂವತ್ತೈದು ದಾಟಿತ್ತು. ಕೈಯಲ್ಲಿ ಹಣವಿರಲಿಲ್ಲ, ಊರಿನಲ್ಲಿ ಬಂಧುಗಳಿರಲಿಲ್ಲ. ಈಜಿಪ್ಟನ್ನು ಆಳುತ್ತಿದ್ದವರು ಇಸ್ಮಾಯೀಲಿ ಪಂಥದ ಫಾತಿಮಿಗಳು. ಇವರು ಶಾಫಿಈ ಮದ್‌ಹಬಿನವರು. ಅಲ್ಲಿಯೇ ಉಳಿಯಲು ಕಾರಣವೇನು?

ನಕ್ಷೆ ತೆಗೆದು ನೋಡಿ, ಉತ್ತರ ಹೊಳೆಯುತ್ತದೆ. ಸ್ಪೇನ್, ಮೊರಾಕೊ, ಟ್ಯುನೀಶಿಯ, ಸಿಸಿಲಿಗಳಿಂದ ಹಜ್ಜಿಗೆ ಹೊರಟವರು ಈ ಬಂದರಿನಲ್ಲಿ ಇಳಿಯುತ್ತಿದ್ದರು, ಮರಳುವಾಗ ಹಡಗಿಗಾಗಿ ಇಲ್ಲೇ ಕಾಯುತ್ತಿದ್ದರು. ಅವರಿಗೆ ಇಸ್ಫಹಾನ್, ಬಗ್ದಾದಿನ ಸನದ್‌ಗಳು ಎಟುಕದ ವಸ್ತು. ಅವನ್ನೆಲ್ಲ ಹೊತ್ತು ತಂದಿದ್ದ ಮನುಷ್ಯ ಈಗ ಅವರ ದಾರಿಯಲ್ಲೇ ಕುಳಿತಿದ್ದರು. ಅಂದಲೂಸಿನ ತೊರ್ತೋಸದಿಂದ ಬಂದ ಮಾಲಿಕಿ ವಿದ್ವಾಂಸ ಅಬೂ ಬಕ್ರ್ ತುರ್ತೂಶಿಯವರೂ ಅದೇ ನಗರದಲ್ಲಿ ಪಾಠ ಹೇಳುತ್ತಿದ್ದರು. ಪೂರ್ವದಿಂದ ಒಬ್ಬರು, ಪಶ್ಚಿಮದಿಂದ ಒಬ್ಬರು!

ಸಿಲಫಿಯವರು ಅಲ್ಲಿಯೇ ಸ್ಥಿತಿವಂತ ಮಹಿಳೆಯೊಬ್ಬರನ್ನು ಮದುವೆಯಾದರು, ಬಡತನ ನೀಗಿತು. ಫುಸ್ತಾತಿಗೆ ಒಮ್ಮೆ ಹೋಗಿಬಂದದ್ದು ಬಿಟ್ಟರೆ ಮತ್ತೆ ಊರು ಬಿಡಲಿಲ್ಲ. ಆಮೇಲೆ ಫಾತಿಮಿ ವಜೀರರಾದ ಇಬ್ನುಸ್ಸಲ್ಲಾರ್ ಸುಮಾರು 1150ರಲ್ಲಿ ಅವರಿಗಾಗಿ ಒಂದು ಮದ್ರಸ ಕಟ್ಟಿಸಿಕೊಟ್ಟರು. ಇಸ್ಮಾಯೀಲಿ ರಾಜ್ಯದ ವಜೀರ್ ಸುನ್ನಿ ಮದ್ರಸ ಕಟ್ಟಿಸಿದ್ದು ಎಂಬುದನ್ನು ಗಮನಿಸಿ. ಇತಿಹಾಸ ನಾವು ಭಾಷಣಗಳಲ್ಲಿ ಹೇಳುವಷ್ಟು ಸರಳವಾಗಿಲ್ಲ.

ಅವರ ಶಿಷ್ಯರಲ್ಲಿ ತಖಿಯ್ಯಾ ಎಂಬ ಕವಯಿತ್ರಿಯೂ ಇದ್ದರು, ದಮಾಸ್ಕಸ್ ಮೂಲದವರು. ಒಮ್ಮೆ ಗುರುಗಳು ಮನೆಯಲ್ಲಿ ಎಡವಿ ಅಂಗಾಲಿಗೆ ಗಾಯ ಮಾಡಿಕೊಂಡರು. ಅಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ತನ್ನ ತಲೆವಸ್ತ್ರದ ಅಂಚು ಹರಿದು ಕಟ್ಟಿದಳು. ಅದನ್ನು ಕಂಡ ತಖಿಯ್ಯಾ ನಿಂತಲ್ಲೇ ಕವಿತೆ ಕಟ್ಟಿ ಹೇಳಿದರು. ಅದನ್ನು ಬರೆದಿಟ್ಟವರು ಸ್ವತಃ ಗುರುಗಳೇ. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಇಂದಿಗೂ ಅನುಮಾನಪಡುವ ಹಿರಿಯರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಬೇಕು.

ಗುರುಗಳ ಶಿಸ್ತು ಮಾತ್ರ ಬಲು ಕಠಿಣ. 1171ರಲ್ಲಿ ಫಾತಿಮಿ ಆಳ್ವಿಕೆ ಮುಗಿದಿತ್ತು. 1177ರ ರಮಝಾನಿನಲ್ಲಿ ಸಲಾಹುದ್ದೀನರು ಮಕ್ಕಳೊಂದಿಗೆ ಬಂದು ಅವರಿಂದ ಹದೀಸ್ ಕೇಳಿದರು. ಹೀಗೆ ಕೇಳಲು ಕುಳಿತಿದ್ದಾಗ ಒಮ್ಮೆ ಸುಲ್ತಾನರೂ ಸಹೋದರ ಆದಿಲರೂ ಏನೋ ಪಿಸುಗುಟ್ಟಿಕೊಂಡರು. ಪ್ರವಾದಿ(ಸ)ಯವರ ಮಾತು ಓದುತ್ತಿರುವಾಗ ಇದೇನು ಮಾತು ಎಂದು ವೃದ್ಧ ಗುರುಗಳು ಕಣ್ಣು ಕೆಂಪಗೆ ಮಾಡಿದರು. ಜೆರುಸಲೇಮನ್ನು ಗೆಲ್ಲಲಿದ್ದ ಸುಲ್ತಾನರು ಸುಮ್ಮನಾದರು. ಹಿಂದಿನ ಬೆಂಚಿನ ಗೆಳೆಯರೇ, ಕೇಳಿಸಿತೇ?

ಅಲೆಕ್ಸಾಂಡ್ರಿಯಾದ ದೀಪಸ್ತಂಭ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲೊಂದು. ಅದನ್ನು ನೋಡಲೆಂದೇ ಜನ ದೂರದಿಂದ ಬರುತ್ತಿದ್ದರು. ಮುಂದೆ ಭೂಕಂಪಗಳಿಂದ ಅದು ಕುಸಿಯಿತು, 1477ರಲ್ಲಿ ಆ ಜಾಗದಲ್ಲಿ ಸುಲ್ತಾನ್ ಖಾಯಿತ್‌ಬಾಯ್ ಕೋಟೆ ಕಟ್ಟಿಸಲಾರಂಭಿಸಿದರು. ಸಿಲಫಿಯವರ ಕಾಲದಲ್ಲಿ ಅದಿನ್ನೂ ನಿಂತಿತ್ತು. ಆದರೆ ಅರವತ್ತು ವರ್ಷಗಳಲ್ಲಿ ಅವರು ಅದನ್ನು ನೋಡಿದ್ದು ತಮ್ಮ ಮದ್ರಸದ ಕಿಟಕಿಯಿಂದ ಮಾತ್ರವಂತೆ. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ.

ಕೈಗೆ ಬಂದ ಹಣವೆಲ್ಲ ಪುಸ್ತಕಕ್ಕೇ ಹೋಗುತ್ತಿತ್ತು. ಕಪಾಟುಗಳು ತುಂಬಿದವು, ಆದರೆ ಪಾಠದ ಗಡಿಬಿಡಿಯಲ್ಲಿ ಅವನ್ನು ತೆರೆದು ನೋಡಲು ಬಿಡುವಾಗಲಿಲ್ಲ. ಅದರ ಬದಲು, ಬಂದು ಹೋಗುವವರ ವಿವರಗಳನ್ನು ಚೂರು ಕಾಗದಗಳಲ್ಲಿ ಬರೆದಿಡುತ್ತಿದ್ದರು: ಊರು ಯಾವುದು, ಯಾರಿಂದ ಕಲಿತರು, ಯಾವ ಕವಿತೆ ಹೇಳಿದರು.

1180ರ ಆಗಸ್ಟ್ ಕೊನೆಯ ಒಂದು ಗುರುವಾರ, ಸೂರ್ಯ ಮುಳುಗುವವರೆಗೂ ಶಿಷ್ಯರು ಅವರ ಮುಂದೆ ಓದುತ್ತಿದ್ದರು. ನೂರರ ಆಸುಪಾಸಿನ ಗುರುಗಳು ಓದಿನ ಸಣ್ಣ ಉಚ್ಚಾರ ದೋಷವನ್ನೂ ತಿದ್ದುತ್ತಿದ್ದರು. ಮರುದಿನ ಜುಮಾ. ಫಜ್ರ್ ನಮಾಝ್ ಮುಗಿಸಿದವರು ಇದ್ದಕ್ಕಿದ್ದಂತೆ ಕೊನೆಯುಸಿರೆಳೆದರು.

ಆಮೇಲೆ ಕಪಾಟುಗಳನ್ನು ತೆರೆದರು. ಸಮುದ್ರದ ತೇವಕ್ಕೆ ಪುಸ್ತಕಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಕೊಡಲಿಯಿಂದ ಬಿಡಿಸಬೇಕಾಯಿತು, ಹೆಚ್ಚಿನವು ಹಾಳಾದವು. ಉಳಿದುಬಂದದ್ದು ಆ ಕಾಗದದ ಚೂರುಗಳಲ್ಲಿ ಬರೆದಿಟ್ಟದ್ದು. ಅವನ್ನು ನಂತರದವರು ಒಟ್ಟುಗೂಡಿಸಿ ನಕಲು ಮಾಡಿದರು. 'ಮುಅಜಮುಸ್ಸಫರ್', ಅಂದರೆ ಪ್ರಯಾಣದ ಕೋಶ, ಎಂಬ ಹೆಸರಿನಲ್ಲಿ ಅದು ಅಚ್ಚಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಆ ಬಂದರನ್ನು ದಾಟಿಹೋದ ನೂರಾರು ಮಂದಿಯ ಹೆಸರುಗಳು ಅದರಲ್ಲಿವೆ.