ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ತಂದೆ ತೀರಿಕೊಂಡ ಮೇಲೆ ದ್ರಾಕ್ಷಿ ತೋಟದ ಕೂಲಿಗೆ ಹೋಗಿ, ಸಂಜೆ ನಮ್ಮ ಮೈದಾನಕ್ಕೆ ಓಡಲು ಬರುತ್ತಿದ್ದ ಒಬ್ಬ ಹುಡುಗನಿಗೆ ನಾನು ಫಡೆಪ್ಪ ದರೆಪ್ಪ ಚೌಗುಲೆಯವರ ಕಥೆ ಹೇಳಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚೌಗುಲೆಯವರು ಬೆಳಗಾವಿಯವರು. ಆಗ ಬೆಳಗಾವಿ, ವಿಜಯಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿ ಪ್ರಾಂತಕ್ಕೆ ಬಿದ್ದ ಪೆಟ್ಟು ದೊಡ್ಡದು. ಆ ಸೂತಕ ಕಳೆಯುವ ಮೊದಲೇ, 1919ರಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾ ಕ್ರೀಡಾಕೂಟ ನಡೆಯಿತು. ಅಲ್ಲಿ ದೂರದ ಓಟ ಓಡಿದವರಲ್ಲಿ ಹೆಚ್ಚಿನವರು ಒಕ್ಕಲುತನದ ಬಡವರು, ಬರಿಗಾಲಿನವರು. ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರ ಓಟ ನೋಡಿ ಬೆರಗಾದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಹಟ ಹಿಡಿದು, ತಮ್ಮ ಕೈಯಿಂದಲೂ ಹಣ ಹಾಕಿದರು.

ಹೀಗೆ 1920ರಲ್ಲಿ ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು ಹಡಗು ಹತ್ತಿದರು. ಚೌಗುಲೆ ಆಗ ಹದಿಹರೆಯದ ಹುಡುಗ. ಓಟ ಅನ್ನ ಕೊಡುವ ಕಾಲ ಅದಲ್ಲ. ಕ್ರೀಡಾ ಕೋಟಾ, ನೌಕರಿ ಯಾವುದೂ ಇರಲಿಲ್ಲ. ದುಡಿಯುವ ವಯಸ್ಸಿನ ಮಗನನ್ನು ತಿಂಗಳುಗಟ್ಟಲೆ ಬಿಟ್ಟುಕೊಡುವುದೆಂದರೆ ಏನೆಂದು ನಮ್ಮ ಭಾಗದ ತಂದೆ-ತಾಯಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನಲ್ಲಿ ಕೆಲವು ವಾರ ತರಬೇತಿ ಪಡೆದು ತಂಡ ಬೆಲ್ಜಿಯಂನ ಆಂಟ್‌ವರ್ಪ್ ತಲುಪಿತು. ಮಹಾಯುದ್ಧದಲ್ಲಿ ನುಜ್ಜಾಗಿದ್ದ ನಾಡು ಅದು. ಆಗಸ್ಟ್ 22ರಂದು ಮ್ಯಾರಥಾನ್. ದೂರ 42.75 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ವಿಜಯಪುರದಿಂದ ತಿಕೋಟಾಕ್ಕೆ ಓಡಿ, ನಿಲ್ಲದೆ ಮರಳಿ ಬಂದಂತೆ! ಜೊತೆಗಿದ್ದ ದಾತಾರ್ ಓಟ ಪೂರ್ಣಗೊಳಿಸಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಗುರಿ ಮುಟ್ಟಿದರು, 19ನೆಯ ಸ್ಥಾನ. ಗೆದ್ದ ಫಿನ್ಲೆಂಡಿನ ಕೋಲೆಮೈನೆನ್ ಅವರಿಗಿಂತ ಸುಮಾರು 18 ನಿಮಿಷ ಹಿಂದೆ. ಕೋಲೆಮೈನೆನ್ 1912ರಲ್ಲೇ ಒಲಿಂಪಿಕ್ಸ್ ಚಿನ್ನ ಗೆದ್ದು ಪಳಗಿದವರು. ನಮ್ಮವರಿಗೆ ಅದು ಮೊದಲ ಒಲಿಂಪಿಕ್ಸ್. ನನ್ನ ಮಟ್ಟಿಗೆ ಆ 19 ಸಣ್ಣ ಸಂಖ್ಯೆಯಲ್ಲ.

ಹತ್ತೊಂಬತ್ತನೆಯವರಿಗೆ ಏನು ಸಿಕ್ಕಿತೆಂದು ಆ ಹುಡುಗ ಕೇಳಿದ್ದ. ಪದಕ ಸಿಗಲಿಲ್ಲ ಎಂದೆ. ಎರಡನೆಯ ಅವಕಾಶವೂ ಬರಲಿಲ್ಲ. 1924ರಲ್ಲಿ ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲಿ ಚೌಗುಲೆಯವರ ಹೆಸರಿರಲಿಲ್ಲ.